ಕಪ್ಪಿನ ಕೆಲಸ

ನಿವೃತ್ತಿಯ ದಿನ ಕಾರ್ಖಾನೆಯಲ್ಲಿ ನನಗೆ ಒಂದು ಶಾಲು, ಒಂದು ಬುಟ್ಟಿ ಹಣ್ಣು, ಒಂದು ಬಿದರಿ ಹೂದಾನಿ ಕೊಟ್ಟರು. ಶಾಲು ಬೀರು ಸೇರಿತು. ಹಣ್ಣು ಅಕ್ಕಪಕ್ಕದ ಮನೆಗಳಿಗೆ ಹಂಚಿಹೋಯಿತು. ಹೂದಾನಿ ಮಾತ್ರ ಟಿ. ದಾಸರಹಳ್ಳಿಯ ನಮ್ಮ ಎರಡನೇ ಮಹಡಿಯ ಮನೆಯ ಷೋಕೇಸಿನಲ್ಲಿ, ಮಗಳ ಥ್ರೋಬಾಲ್ ಟ್ರೋಫಿಗೂ ತಿರುಪತಿ ತಿಮ್ಮಪ್ಪನ ಫೋಟೋಕ್ಕೂ ನಡುವೆ ಜಾಗ ಹಿಡಿಯಿತು. ಮೂರನೇ ದಿನ ನನ್ನ ಹೆಂಡತಿ ಅದಕ್ಕೆ ನೀರು ತುಂಬಿ ನಾಲ್ಕು ಕಡ್ಡಿ ಸುಗಂಧರಾಜ ಇಟ್ಟಳು. ಕಪ್ಪು ಮೈಯ ಮೇಲೆ ಆ ಬಿಳಿ ಹೂವು ನಿಜಕ್ಕೂ ಚೆನ್ನಾಗಿ ಕಂಡಿತು. ವಾರ ಕಳೆದು ಬಾಡಿದ ಹೂವು ತೆಗೆದು ನೀರು ಚೆಲ್ಲಿದಾಗ ಬಾಯಿಯ ಅಂಚಿನಲ್ಲೂ ನೀರು ಇಳಿದ ಕಡೆಯಲ್ಲೂ ವಿಭೂತಿ ಮೆತ್ತಿದಂಥ ಕಲೆ.

"ಹೂದಾನಿ ಅಂತ ಕೊಟ್ಟು ನೀರು ಹಾಕಬಾರದು ಅಂದ್ರೆ ಹೇಗ್ರೀ?" ಅಂದಳು.

ನನ್ನ ಬಳಿ ಟೂಲ್‌ರೂಮಿನ ಉತ್ತರವಿತ್ತು. ಬಿದರಿಯ ಮೈ ಬಹುಪಾಲು ಸತು. ತೇವ ನಿಂತರೆ ಸತುವಿಗೆ ಬಿಳಿ ತುಕ್ಕು ಹಿಡಿಯುತ್ತದೆ. ಹೇಳಿದೆ. ಅವಳಿಗೆ ಒಪ್ಪಿಗೆಯಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಬಿದರಿಯ ಬಗ್ಗೆ ನಾನು ಓದಿದ ಹೊಗಳಿಕೆಯ ಲೇಖನಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಈ ವಸ್ತು ಯಾವ ಕೆಲಸಕ್ಕೆ?

ನಾನು ಕಲಾವಿಮರ್ಶಕನಲ್ಲ. ಪೀಣ್ಯದಲ್ಲಿ ಮೂವತ್ತೊಂದು ವರ್ಷ ಡೈ ಮಾಡಿದವನು, ಕೊನೆಯ ಹತ್ತು ವರ್ಷ ಇನ್‌ಸ್ಪೆಕ್ಷನ್ ಟೇಬಲ್ಲಿನ ಮುಂದೆ ಕೂತವನು. ಕೈಗೆ ಲೋಹದ ಏನೇ ಸಿಕ್ಕರೂ ಮೊದಲು ತಿರುಗಿಸಿ ತಳ ನೋಡುತ್ತೇನೆ, ಆಮೇಲೆ ಬೆಳಕಿಗೆ ಹಿಡಿಯುತ್ತೇನೆ. ಈ ಹೂದಾನಿಯನ್ನೂ ಹಾಗೇ ನೋಡಿದೆ. ಒಂಬತ್ತು ಇಂಚು ಎತ್ತರ, ಒಂದೂಕಾಲು ಕಿಲೋ ತೂಕ. ಒಡಲು ಮತ್ತು ಕತ್ತು ಬೇರೆ ಬೇರೆ ಎರಕ, ಭುಜದ ಕೆಳಗೆ ಬೆಸೆದ ಗೆರೆ ಬೆರಳಿಗೆ ಸಿಗುತ್ತದೆ. ತಳದ ಹತ್ತಿರ ಎರಡು ಬ್ಲೋ ಹೋಲ್, ಮುಚ್ಚಿದ್ದಾರೆ. ಮೈತುಂಬ ಬೆಳ್ಳಿ ತಂತಿಯ ಬಳ್ಳಿ. ಒಡಲಿನ ಮೇಲೆ ಬಳ್ಳಿಯ ಕೈ ಖಚಿತವಾಗಿದೆ. ಪ್ರತಿ ಎಲೆಯ ತುದಿಯೂ ಒಂದೇ ಏಟಿಗೆ ತಿರುಗಿದೆ, ಎಲ್ಲೂ ತಡವರಿಸಿಲ್ಲ. ಕತ್ತು ಕಿರಿದಾಗುವಲ್ಲಿ ಮಾತ್ರ ಅದೇ ಬಳ್ಳಿ ಇಕ್ಕಟ್ಟಿಗೆ ಸಿಕ್ಕಿಕೊಂಡು, ಬಿ.ಎಂ.ಟಿ.ಸಿ. ಬಸ್ಸಿನ ಬಾಗಿಲಲ್ಲಿ ನೇತಾಡುವ ಜನರಂತೆ, ಹೇಗೋ ಮೇಲೆ ಹತ್ತಿದೆ. ಬಾಯಿಯಲ್ಲಿ ಮತ್ತೆ ಅಗಲವಾದಾಗ ಉಳಿದ ಜಾಗ ತುಂಬಲು ಮೂರು ಹೆಚ್ಚುವರಿ ಎಲೆ. ನಮ್ಮ ಟೇಬಲ್ಲಿಗೆ ಬಂದಿದ್ದರೆ 'ರೀವರ್ಕ್' ಅಂತ ಬರೆಯುತ್ತಿದ್ದೆ.

ಇಷ್ಟೆಲ್ಲ ಬೆಳ್ಳಿಯ ಮಾತು. ಎಲ್ಲರೂ ಬೆಳ್ಳಿಯನ್ನೇ ನೋಡುವುದು, ನಾನೂ ಅಲ್ಲಿಂದಲೇ ಶುರುಮಾಡಿದೆ. ದಿನಾ ಎದುರಿಗೆ ಕೂತು ನೋಡುತ್ತ ಆರು ತಿಂಗಳ ಮೇಲೆ ನನಗೆ ಗೊತ್ತಾದದ್ದು ಇಷ್ಟು: ಈ ವಸ್ತುವಿನಲ್ಲಿ ತಪ್ಪೆಲ್ಲ ಆಕಾರದಲ್ಲೂ ಬೆಳ್ಳಿಯಲ್ಲೂ ಇದೆ, ಸಾಧನೆಯೆಲ್ಲ ಕಪ್ಪಿನಲ್ಲಿದೆ.

ಕಪ್ಪು ಎಂದರೆ ನಮ್ಮ ಕಡೆಯವರಿಗೆ ಬೇರೆಯೇ ಅರ್ಥ. ತುಮಕೂರು ರಸ್ತೆಯ ಎಂಟನೇ ಮೈಲಿಯಿಂದ ಆಚೀಚೆ ಎಲ್ಲಿ ಕಿವಿಗೊಟ್ಟರೂ ಲೇತಿನ ಸದ್ದು. ಪೀಣ್ಯದ ಗಲ್ಲಿಗಳಲ್ಲಿ 'ಬ್ಲ್ಯಾಕೋಡೈಸಿಂಗ್' ಬೋರ್ಡುಗಳಿಗೆ ಲೆಕ್ಕವಿಲ್ಲ. ಉಕ್ಕಿನ ಬೋಲ್ಟು, ಬುಷ್ಷುಗಳನ್ನು ಬುಟ್ಟಿಯಲ್ಲಿ ಹಾಕಿ ಸುಮಾರು 140 ಡಿಗ್ರಿಗೆ ಕುದಿಯುವ ಕಾಸ್ಟಿಕ್ ತೊಟ್ಟಿಗೆ ಇಳಿಸುತ್ತಾರೆ. ಮೇಲೆತ್ತಿದರೆ ಕಪ್ಪು. ಅದು ತುಕ್ಕು ತಡೆಯುವ ಕಪ್ಪು, ನೋಡುವ ಕಪ್ಪಲ್ಲ. ನಮಗೆ ಗೊತ್ತಿದ್ದ ನೋಡುವ ಕಪ್ಪು ಒಂದೇ: ಎಚ್.ಎಂ.ಟಿ. ಪೈಲಟ್ ಗಡಿಯಾರದ ಮುಖ. ಕರೀ ಡಯಲ್, ಅದರ ಮೇಲೆ ತೆಳು ಅಂಕಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಗಡಿಯಾರ ಶುರುವಾಯಿತು. ಜಾಲಹಳ್ಳಿಯ ಸುತ್ತಮುತ್ತ ಬೆಳೆದ ನಮ್ಮ ತಲೆಮಾರಿಗೆ ಜಪಾನ್ ಎಂದರೆ ಅದು, ನಾಜೂಕಾದ ಕೆಲಸ ಎಂದರೂ ಅದೇ. ನಾನು ಮದುವೆಯಲ್ಲಿ ಕಟ್ಟಿದ್ದ ಪೈಲಟ್ ಇವತ್ತೂ ಓಡುತ್ತದೆ, ದಿನಕ್ಕೆ ಎರಡು ನಿಮಿಷ ಮುಂದೆ. ಅಂಕಿ ಓದಲು ಬರಲಿ ಎಂದು ಅಲ್ಲಿ ಕಪ್ಪನ್ನು ಖಾಲಿ ಬಿಟ್ಟಿದ್ದರು ಅನ್ನುವುದು ನನಗೆ ಹೊಳೆದದ್ದು ಈ ಹೂದಾನಿ ಮನೆಗೆ ಬಂದ ಮೇಲೆ.

ಬಿದರಿಯ ಕಪ್ಪು ಹೇಗಾಗುತ್ತದೆ ಎಂದು ನೋಡಲೇಬೇಕೆನಿಸಿ ಒಂದು ಸಂಜೆ ಯಶವಂತಪುರದಲ್ಲಿ ಬೀದರ್ ರೈಲು ಹತ್ತಿದೆ. ಬೆಳಿಗ್ಗೆ ಕೆಮ್ಮಣ್ಣಿನ ಊರು. ಚೌಬಾರದ ಹತ್ತಿರದ ಗಲ್ಲಿಯಲ್ಲಿ ಕೇಳಿಕೊಂಡು ಹೋದರೆ ಟಣಟಣ ಸದ್ದೇ ದಾರಿ ತೋರಿಸಿತು. ಹತ್ತಕ್ಕೆ ಹನ್ನೆರಡಡಿ ಕೋಣೆ, ನಾಲ್ಕು ಜನ ನೆಲದ ಮೇಲೆ ಕೂತಿದ್ದರು. ಹಿರಿಯರೊಬ್ಬರು ನಾನು ಪೀಣ್ಯದವನು, ಲೋಹದ ಕೆಲಸದವನು ಎಂದ ಕೂಡಲೇ ಕೂರಲು ಜಾಗ ಮಾಡಿದರು. ಪ್ರವಾಸಿಗೆ ಹೇಳುವ ಕಥೆ ಬಿಟ್ಟು ಕೆಲಸದ ಮಾತಿಗೆ ಬಂದರು.

ಮಿಶ್ರಣದಲ್ಲಿ ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಸತು 420 ಡಿಗ್ರಿಯ ಹತ್ತಿರ ಕರಗುತ್ತದೆ, ಹಾಗಾಗಿ ಸಣ್ಣ ಕುಲುಮೆ ಸಾಕು. ಸೋಸಿದ ಮಣ್ಣಿಗೆ ಹರಳೆಣ್ಣೆ, ರಾಳ ಕಲಸಿ ಅಚ್ಚು. ಎರಕ ಆರಿದ ಮೇಲೆ ಅರ ಹಾಕಿ, ಮರಳು ಕಾಗದದಲ್ಲಿ ತಿಕ್ಕಿ ಮೈ ನುಣುಪು ಮಾಡುತ್ತಾರೆ. ಆಗ ಒಂದು ಸಲ ಮೈಲುತುತ್ತದ ನೀರು ಸವರುತ್ತಾರೆ. ಅದು ತಾತ್ಕಾಲಿಕ ಕಪ್ಪು, ಗೆರೆ ಎಳೆದರೆ ಕಾಣಲಿ ಎಂದು. ಚೂಪು ಮೊಳೆಯಲ್ಲಿ ಕೈ ಎತ್ತದೆ ಚಿತ್ತಾರ ಬರೆದು, ಸಣ್ಣ ಉಳಿಯಿಂದ ಗೆರೆಯನ್ನು ಅಗೆದು, ಅದರೊಳಗೆ ಬೆಳ್ಳಿಯನ್ನು ಬಡಿದು ಕೂರಿಸುತ್ತಾರೆ. ತಂತಿಯಾದರೆ ತಾರ್‌ಕಶಿ, ತಗಡಾದರೆ ತಹನಿಶಾನ್. ಬೆಳ್ಳಿ ಮೃದು, ಏಟಿಗೆ ಹರಡಿ ಗುಂಡಿಯ ಗೋಡೆಗೆ ಕಚ್ಚಿಕೊಳ್ಳುತ್ತದೆ. ಅಂಟಿಲ್ಲ, ಬೆಸುಗೆಯಿಲ್ಲ.

ಇಷ್ಟಾದ ಮೇಲೆ ಮತ್ತೆ ಅರ ಹಾಕಿ ಉಜ್ಜುತ್ತಾರೆ. ತಾತ್ಕಾಲಿಕ ಕಪ್ಪು ಹೋಗುತ್ತದೆ. ನಾನು ಈ ಘಟ್ಟದಲ್ಲಿ ಒಂದು ಡಬ್ಬಿಯನ್ನು ಕೈಗೆ ತೆಗೆದುಕೊಂಡು ನೋಡಿದೆ. ಏನೂ ಕಾಣಲಿಲ್ಲ. ಬಿಳಿ ಲೋಹದಲ್ಲಿ ಬಿಳಿ ಲೋಹ. ಹದಿನೈದು ದಿನದ ಕೆಲಸ ಆ ಡಬ್ಬಿಯ ಮೇಲಿತ್ತು, ಕಣ್ಣಿಗೆ ಅಲ್ಯೂಮಿನಿಯಂ ಟಿಫನ್ ಡಬ್ಬಿಯಷ್ಟೂ ವಿಶೇಷವಿರಲಿಲ್ಲ. ಹಿರಿಯರು ನನ್ನ ಮುಖ ನೋಡಿ ನಕ್ಕರು. ಬಾಣಲೆಯಲ್ಲಿ ಕೋಟೆಯ ಮಣ್ಣು, ನವಸಾಗರ, ನೀರು ಕುದಿಯುತ್ತಿತ್ತು. ಡಬ್ಬಿಯನ್ನು ಬಿಸಿ ಮಾಡಿ ಆ ಕೆಸರನ್ನು ಬಟ್ಟೆಯಲ್ಲಿ ಉಜ್ಜಿದರು. ಕೆಸರೊಳಗೆ ಅದ್ದಿ ತೆಗೆದು ನೀರಿನಲ್ಲಿ ತೊಳೆದರು. ಸತುವಿನ ಮೈ ಅಮಾವಾಸ್ಯೆಯಾಗಿತ್ತು, ಬೆಳ್ಳಿಗೆ ಕೂದಲಷ್ಟೂ ಸೋಂಕಿರಲಿಲ್ಲ. ಕೊನೆಗೆ ಒಂದು ಕೈ ಕೊಬ್ಬರಿ ಎಣ್ಣೆ.

ಇಡೀ ಕೆಲಸದಲ್ಲಿ ಚಿತ್ತಾರ ಹುಟ್ಟುವ ಗಳಿಗೆ ಅದು. ಉಳಿ ಅಗೆದದ್ದು, ಸುತ್ತಿಗೆ ಬಡಿದದ್ದು ಎಲ್ಲವೂ ಅಲ್ಲಿಯವರೆಗೆ ಬರೀ ಸಾಲ. ಕಪ್ಪು ಬಂದ ಮೇಲೆ ತೀರುವುದು.

"ಮಣ್ಣು ನಾಲಿಗಿ ಮ್ಯಾಲ ಇಟ್ಟು ನೋಡಬೇಕ್ರಿ. ರುಚಿ ಮ್ಯಾಲ ಗೊತ್ತಾಗ್ತದ," ಅಂದರು ಹಿರಿಯರು. ಕೋಟೆಯೊಳಗೆ ಬಿಸಿಲು ಮಳೆ ಕಾಣದ ಮೂಲೆಗಳಿಂದ ತಂದ ಮಣ್ಣು. ನಾನೂ ಚಿಟಿಕೆ ಹಾಕಿಕೊಂಡೆ. ಉಪ್ಪು, ಆಮೇಲೆ ಸ್ವಲ್ಪ ತಣ್ಣಗೆ ಚುರುಚುರು.

ಈ ಮಣ್ಣಿನ ಬಗ್ಗೆ ನನ್ನದೊಂದು ತಕರಾರಿದೆ. ಬಿದರಿಯ ಮೇಲೆ ಬರೆದವರೆಲ್ಲ ಮಣ್ಣನ್ನು ಪವಾಡ ಮಾಡಿದ್ದಾರೆ. ಇನ್ನೆಲ್ಲೂ ಸಿಗದ ಮಣ್ಣು, ಬೇರೆ ಊರಲ್ಲಿ ಆಗದ ಕಪ್ಪು ಅನ್ನುತ್ತಾರೆ. ಹಾಗಿದ್ದರೆ ಲಖನೌ, ಬಿಹಾರದ ಪೂರ್ಣಿಯಾಗಳಲ್ಲಿ ಬಿದರಿ ಮಾಡುತ್ತಿದ್ದವರು ಗಾಡಿ ಕಟ್ಟಿಕೊಂಡು ಬೀದರಿಗೆ ಬರುತ್ತಿದ್ದರೇ? ಹಳೆಯ ಗೋಡೆಯ ಬುಡದಲ್ಲಿ, ಮಳೆ ಬೀಳದ ನೆಲದಲ್ಲಿ ಪೆಟ್ಲುಪ್ಪು ಕಟ್ಟುವುದು ಎಲ್ಲ ಊರಿನಲ್ಲೂ ಇದೆ. ನಮ್ಮ ಬ್ಲ್ಯಾಕೋಡೈಸಿಂಗ್ ತೊಟ್ಟಿಗೆ ಸುರಿಯುವ ಉಪ್ಪೂ ಅದೇ ಬಳಗದ್ದು. ಮಣ್ಣು ಅರ್ಧ ಕೆಲಸ ಮಾಡುತ್ತದೆ. ಉಳಿದರ್ಧ ಆ ಒಂದು ಪಾಲು ತಾಮ್ರದ್ದು. ಮೇಲ್ಪದರದ ಸತು ಕರಗಿ ಹೋಗಿ ಉಳಿದ ತಾಮ್ರ ಕಪ್ಪಾಗುತ್ತದೆ. ತಾಮ್ರವಿಲ್ಲದ ಬರೀ ಸತುವಿಗೆ ಯಾವ ಕೋಟೆಯ ಮಣ್ಣು ತಿಕ್ಕಿದರೂ ಈ ಬಣ್ಣ ಹತ್ತುವುದಿಲ್ಲ. ಹದಿನಾರಕ್ಕೆ ಒಂದು ಎಂದು ಹದ ಕಂಡುಕೊಂಡವನು ಯಾರೋ, ಅವನ ಹೆಸರಿಲ್ಲ. ಬಹಮನಿ ಸುಲ್ತಾನ ಅಹಮದ್ ಷಾನ ಕಾಲದಲ್ಲಿ, ಅಂದರೆ ಹದಿನೈದನೇ ಶತಮಾನದಲ್ಲಿ, ಇರಾನಿನಿಂದ ಬಂದ ಕುಶಲಕರ್ಮಿಯೊಬ್ಬನ ಕಥೆ ಹೇಳುತ್ತಾರೆ. ಕೈಗೆ ಸಿಕ್ಕಿರುವ ಹಳೆಯ ವಸ್ತುಗಳು ಮಾತ್ರ ಹದಿನೇಳನೇ ಶತಮಾನದವು. ಪವಾಡ ಮಣ್ಣಿನದು ಎಂದುಬಿಟ್ಟರೆ ಮನುಷ್ಯನಿಗೆ ಸಲ್ಲಬೇಕಾದ ಮೆಚ್ಚುಗೆ ನೆಲಕ್ಕೆ ಹೋಗುತ್ತದೆ. ಮಣ್ಣಿಗೆ ಕೂಲಿ ಕೊಡಬೇಕಾಗಿಲ್ಲವಲ್ಲ, ಅದೊಂದು ಅನುಕೂಲ.

ಅವತ್ತು ಮಧ್ಯಾಹ್ನ ಕೋಟೆಗೆ ಹೋದೆ. ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ ಕೆಲಸವಿದೆ, ಹದಿನಾರನೇ ಶತಮಾನದ ಅಲಿ ಬರೀದನ ಕಾಲದ್ದು. ಕಾವಲಿನವರು ಬೀಗ ತೆಗೆದು ಟಾರ್ಚ್ ಬಿಟ್ಟರು. ಕಲ್ಲು ಕತ್ತಲಲ್ಲಿ ಕರಗಿತು, ಚಿಪ್ಪು ಮಾತ್ರ ಹೊಳೆಯಿತು. ಬಿದರಿಯ ಚರಿತ್ರೆಗೆ ಇದು ಸಾಕ್ಷಿ ಎಂದು ನಾನು ಹೇಳುತ್ತಿಲ್ಲ. ಆ ಊರಿನ ಕಣ್ಣಿಗೆ ಕಪ್ಪು ಎಂದರೆ ಹಿನ್ನೆಲೆಯಾಗಿರಲಿಲ್ಲ, ಬೆಳಕನ್ನು ಇಡುವ ಜಾಗವಾಗಿತ್ತು ಅನ್ನಿಸಿತು ಅಷ್ಟೆ.

ಈಗ ಇನ್ನೊಂದು ಹೂದಾನಿಯ ವಿಷಯ. ನಮ್ಮ ಕಾರ್ಖಾನೆಯ ಮಾಲೀಕರ ಕೋಣೆಯಲ್ಲಿ ಜಪಾನಿನ ಒಂದು ಕಂಚಿನ ಹೂದಾನಿ ಇತ್ತು. ತೊಂಬತ್ತರ ದಶಕದಲ್ಲಿ ಮೆಷಿನ್ ಕೂರಿಸಿಕೊಡಲು ಬಂದಿದ್ದ ಇಂಜಿನಿಯರೊಬ್ಬರು ಹೋಗುವಾಗ ಕೊಟ್ಟದ್ದು. ತಕಾಓಕ ಎಂಬ ಊರಿನದಂತೆ. 1611ರಲ್ಲಿ ಮಾಯೆದ ತೊಶಿನಾಗ ಎಂಬ ದೊರೆ ಏಳು ಜನ ಎರಕದವರನ್ನು ಕರೆತಂದು ನೆಲೆಗೊಳಿಸಿದ ಊರು ಅದು. ಜಪಾನಿನ ಕಂಚಿನ ಎರಕ ಎಂದರೆ ಇವತ್ತಿಗೂ ಮೊದಲು ಬರುವ ಹೆಸರು. ಹೂದಾನಿ ಒಂದು ಮರದ ಪೆಟ್ಟಿಗೆಯಲ್ಲಿ ಬಂದಿತ್ತು. ಪೆಟ್ಟಿಗೆಯ ಮುಚ್ಚಳದ ಮೇಲೆ ಕುಂಚದಲ್ಲಿ ಬರೆದ ನಾಲ್ಕು ಅಕ್ಷರ, ಕೆಂಪು ಮುದ್ರೆ. ಇದೇನು ಎಂದು ಕೇಳಿದ್ದಕ್ಕೆ ಆ ಇಂಜಿನಿಯರ್ ಮೊದಲು ಹೂದಾನಿಯನ್ನಲ್ಲ, ಮುಚ್ಚಳವನ್ನೇ ತೋರಿಸಿದ್ದರು. ಮಾಡಿದವರ ಹೆಸರು.

ಮಾಲೀಕರ ಕೋಣೆಗೆ ಹೋದಾಗಲೆಲ್ಲ, ಬೈಸಿಕೊಳ್ಳಲು ಹೋದಾಗಲೂ, ನಾನು ಆ ಹೂದಾನಿ ನೋಡುತ್ತಿದ್ದೆ. ಸುಟ್ಟ ಕಡಲೆಕಾಯಿ ಸಿಪ್ಪೆಯಂಥ ಕಂದು. ಒಂದು ಮಗ್ಗುಲಿನಲ್ಲಿ ಮಾತ್ರ ಬೆಳ್ಳಿಯ ಎರಡು ಹುಲ್ಲೆಸಳು, ತಳದಿಂದ ಹೊರಟು ಅರ್ಧಕ್ಕೇ ನಿಂತಿದ್ದವು. ಮಿಕ್ಕಿದ್ದೆಲ್ಲ ಬರೀ ಮೈ. ಮೊದಲ ಸಲ ನೋಡಿದಾಗ ಕೆಲಸ ಪೂರ್ತಿಯಾಗಿಲ್ಲ, ರಿಯಾಯಿತಿಯಲ್ಲಿ ಸಿಕ್ಕಿರಬೇಕು ಅಂದುಕೊಂಡಿದ್ದೆ. ಕಂಚಾದ್ದರಿಂದ ನೀರಿನ ಭಯವಿಲ್ಲ. ಆಯುಧಪೂಜೆಯ ದಿನ ಅದಕ್ಕೆ ಸೇವಂತಿಗೆ ಇಡುತ್ತಿದ್ದರು, ಹೂವು ಇಟ್ಟ ಮೇಲೆ ಆ ಹುಲ್ಲೆಸಳು ಯಾಕೆ ಅರ್ಧಕ್ಕೆ ನಿಂತಿದೆ ಎಂದು ಗೊತ್ತಾಗುತ್ತಿತ್ತು. ಮೇಲಿನ ಅರ್ಧವನ್ನು ಹೂವಿಗೆ ಬಿಟ್ಟಿದ್ದರು.

ಜಪಾನಿನವರ ಬಳಿಯೂ ಒಂದು ಕಪ್ಪು ಇದೆ. ಶಕುದೋ ಅನ್ನುತ್ತಾರೆ. ತಾಮ್ರಕ್ಕೆ ನೂರಕ್ಕೆ ಮೂರರಿಂದ ಐದು ಪಾಲು ಬಂಗಾರ ಬೆರೆಸಿ, ನುಣುಪು ಮಾಡಿ, ತುರಿದ ಮೂಲಂಗಿಯ ರಸ ಹಚ್ಚಿ, ರೊಕುಶೋ ಎಂಬ ತಾಮ್ರದ ಲವಣದ ನೀರಿನಲ್ಲಿ ಕುದಿಸಿದರೆ ಕಾಗೆಯ ರೆಕ್ಕೆಯಂತೆ ನೀಲಿ ಮಿಂಚುವ ಕಪ್ಪು ಬರುತ್ತದೆ. ಇದನ್ನು ಓದಿದ ದಿನ ನಾನು ನಕ್ಕುಬಿಟ್ಟೆ. ನಮ್ಮಲ್ಲಿ ಬಂಗಾರ ಹಾಕಿದರೆ ಊರಿಗೆಲ್ಲ ಕಾಣಬೇಕು. ಅವರು ಬಂಗಾರವನ್ನು ಕಪ್ಪಿನೊಳಗೆ ಮುಳುಗಿಸಿ, ಕಾಣದಂತೆ ಮಾಡಲು ಖರ್ಚು ಮಾಡುತ್ತಾರೆ. ಬೀದರಿನವರು ಅದಕ್ಕಿಂತ ಜಾಣರು. ಅಗ್ಗದ ಸತು, ಒಂದಿಷ್ಟು ತಾಮ್ರ, ಗೋಡೆ ಬುಡದ ಮಣ್ಣು, ಕೊಬ್ಬರಿ ಎಣ್ಣೆ ಇಟ್ಟುಕೊಂಡು ಶಕುದೋ ಪಕ್ಕಕ್ಕೆ ಇಡಬಹುದಾದ ಕಪ್ಪು ತೆಗೆದರು. ಶಕುದೋದಲ್ಲಿ ನೀಲಿಯ ಸುಳಿವಿದೆ. ಬಿದರಿಯಲ್ಲಿ ಯಾವ ಸುಳಿವೂ ಇಲ್ಲ, ಬೆಳಕು ಒಳಗೆ ಹೋದರೆ ವಾಪಸ್ ಬರುವುದಿಲ್ಲ. ನನ್ನ ಕಣ್ಣಿಗೆ ಬಿದರಿಯದೇ ಮೇಲು.

ಆದರೆ ಅವರು ತಮ್ಮ ಕಪ್ಪನ್ನು ನಂಬುತ್ತಾರೆ, ನಾವು ನಂಬುವುದಿಲ್ಲ. ನನ್ನ ಷೋಕೇಸಿನ ಹೂದಾನಿಯಲ್ಲಿ ಹೆಬ್ಬೆರಳು ಇಡುವಷ್ಟು ಖಾಲಿ ಜಾಗವಿಲ್ಲ. ಎಲ್ಲಿ ನೋಡಿದರೂ ಬಳ್ಳಿ, ಬಳ್ಳಿಯೊಳಗೆ ಎಲೆ, ಎಲೆಯೊಳಗೆ ನರ. ಬೆಳ್ಳಿಗೆ ದುಡ್ಡು ಕೊಟ್ಟ ಗಿರಾಕಿಗೆ ಬೆಳ್ಳಿ ಕಾಣಬೇಕು ಅನ್ನುವ ಆತಂಕ ಅದು. ಬೆಳ್ಳಿ ತುಟ್ಟಿಯಾದಂತೆ ತಂತಿ ಸಣ್ಣದಾಯಿತು, ಸಣ್ಣ ತಂತಿಯಲ್ಲಿ ಅಷ್ಟೇ ಜಾಗ ತುಂಬಬೇಕೆಂದರೆ ಗೆರೆ ಹೆಚ್ಚಾಗಲೇಬೇಕು. ಹೀಗೆ ಚಿತ್ತಾರ ಜಾಸ್ತಿಯಾಗುತ್ತ ಹೋಗಿದ್ದು ಸಿರಿತನದಿಂದಲ್ಲ, ಬಡತನದಿಂದ. ಅಫ್ತಾಬಿ ಎಂಬ ಹಳೆಯ ಬಗೆಯಲ್ಲಿ ಬೆಳ್ಳಿಯ ತಗಡೇ ಮೈ, ಅದರಲ್ಲಿ ಹೂವಿನಾಕಾರ ಕತ್ತರಿಸಿರುತ್ತಾರೆ, ಕತ್ತರಿಸಿದಲ್ಲಿ ಕೆಳಗಿನ ಕಪ್ಪು ಹೂವಾಗಿ ಕಾಣುತ್ತದೆ. ಕಪ್ಪೇ ಹೂವು! ಅಂಥ ಧೈರ್ಯದ ವಸ್ತುವನ್ನು ಸ್ಮರಣಿಕೆಯ ಬಜೆಟ್ಟಿನಲ್ಲಿ ಯಾರು ಮಾಡಿಸುತ್ತಾರೆ?

ಜಪಾನನ್ನು ನಾನು ಹೊಗಳಿ ನಮ್ಮವರನ್ನು ತೆಗಳುತ್ತಿದ್ದೇನೆ ಅನ್ನಿಸಿದರೆ, ಅವರ ಕಥೆಯ ಇನ್ನೊಂದು ಮಗ್ಗುಲೂ ಇದೆ. ಶಕುದೋ, ಅದರಲ್ಲಿ ಬಂಗಾರ ಬೆಳ್ಳಿ ಕೂರಿಸುವ ಜೋಗಾನ್ ಕೆಲಸ, ಇವೆಲ್ಲ ಬಹುಕಾಲ ಕತ್ತಿಯ ಹಿಡಿ, ಕಾಪುಗಳ ಮೇಲೆ ಬೆಳೆದವು. 1876ರಲ್ಲಿ ಸಮುರಾಯಿಗಳು ಕತ್ತಿ ಕಟ್ಟಿಕೊಂಡು ಓಡಾಡಬಾರದು ಎಂದು ಮೆಯ್ಜಿ ಸರ್ಕಾರ ಆಜ್ಞೆ ಹೊರಡಿಸಿತು. ಕತ್ತಿಗೆ ಒಡವೆ ಮಾಡುತ್ತಿದ್ದ ಕೈಗಳಿಗೆ ಕೆಲಸ ಹೋಯಿತು. ಅವೇ ಕೈಗಳು ಹೂದಾನಿಗೆ ತಿರುಗಿದವು, ಯೂರೋಪಿನ ಪ್ರದರ್ಶನಗಳಿಗೆ, ಶ್ರೀಮಂತರ ದಿವಾನಖಾನೆಗಳಿಗೆ. ಆ ಕಾಲದ ರಫ್ತು ಹೂದಾನಿಗಳ ಚಿತ್ರ ನೋಡಿ, ಮೈತುಂಬ ಡ್ರ್ಯಾಗನ್, ನವಿಲು, ಮೋಡ, ಉಸಿರಾಡಲು ಜಾಗವಿಲ್ಲ. ಅವರಿಗೂ ಅದೇ ಆತಂಕ ಹಿಡಿದಿತ್ತು. ಬಿದರಿ ಸಾಮಾನೂ 1851ರ ಲಂಡನ್ ಮಹಾಪ್ರದರ್ಶನಕ್ಕೆ ಹೋಗಿತ್ತು. ಧಣಿ ಹೋದ ಮೇಲೆ ಕಲೆ ಸಂತೆಗೆ ನಿಲ್ಲುತ್ತದೆ. ಸಂತೆಯಲ್ಲಿ ಪಕ್ಕದ ಅಂಗಡಿಗಿಂತ ಜೋರಾಗಿ ಕೂಗದಿದ್ದರೆ ವ್ಯಾಪಾರವಾಗುವುದಿಲ್ಲ.

ಅವರು ಅಲ್ಲಿಂದ ಹೊರಬಂದದ್ದು ಹೇಗೆ ಎನ್ನುವುದಕ್ಕೆ ನನಗೆ ಇಷ್ಟವಾದ ಉದಾಹರಣೆ ನಾಕಾಗಾವ ಮಾಮೊರು. ಇಶಿಕಾವಾ ಪ್ರಾಂತದ ಕಾನಾಜಾವಾ ಊರಿನವರು, 1947ರಲ್ಲಿ ಹುಟ್ಟಿದವರು. ಮೊದಲು ವಿದ್ಯುತ್ ಸಾಮಾನಿನ ಕಂಪನಿಯೊಂದರಲ್ಲಿ ವಿನ್ಯಾಸಕಾರರಾಗಿದ್ದರು, ಅಂದರೆ ನಮ್ಮ ಜಾತಿಯವರೇ. ಆ ಪ್ರಾಂತದ ಹಳೆಯ ಕುದುರೆ ರಿಕಾಪುಗಳ ಮೇಲಿನ ಕೆಲಸಕ್ಕೆ ಮನಸೋತು ಜೋಗಾನ್ ಕಲಿತರು. 2004ರಲ್ಲಿ ಜಪಾನ್ ಸರ್ಕಾರ ಅವರನ್ನು 'ಜೀವಂತ ರಾಷ್ಟ್ರೀಯ ನಿಧಿ' ಎಂದು ಗುರುತಿಸಿತು. ಅವರ ಹೂದಾನಿಗಳಲ್ಲಿ ಡ್ರ್ಯಾಗನ್ ಇಲ್ಲ, ನವಿಲಿಲ್ಲ. ಬೇರೆ ಬೇರೆ ಬಣ್ಣದ ಲೋಹದ ಅಗಲವಾದ ಪಟ್ಟಿಗಳು, ಗದ್ದೆಯನ್ನೋ ದಿಗಂತವನ್ನೋ ದೂರದಿಂದ ನೋಡಿದಂತೆ. ಆಕಾರ ಏನು ಬೇಡುತ್ತದೋ ಅಷ್ಟೇ ಚಿತ್ತಾರ. ನಮ್ಮಲ್ಲೂ ಮನ್ನಣೆ ಇಲ್ಲದಿಲ್ಲ. 2006ರಲ್ಲಿ ಬಿದರಿಗೆ ಭೌಗೋಳಿಕ ಗುರುತಿನ ಮುದ್ರೆ ಬಂತು, 2023ರಲ್ಲಿ ಬೀದರಿನ ಷಾ ರಶೀದ್ ಅಹಮದ್ ಕಾದ್ರಿ ಅವರಿಗೆ ಪದ್ಮಶ್ರೀ ಬಂತು. ಆದರೆ ಭೌಗೋಳಿಕ ಗುರುತು ಊರಿಗೆ ಕೊಟ್ಟ ಮುದ್ರೆ. ಆ ಹತ್ತಕ್ಕೆ ಹನ್ನೆರಡಡಿ ಕೋಣೆಯ ನಾಲ್ಕು ಜನರಿಗೆ ಅದರಿಂದ ಹೆಸರು ಬರುವುದಿಲ್ಲ.

ಹೆಂಡತಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹೈದರಾಬಾದಿನಲ್ಲಿ. ಬೀದರಿನಿಂದ ಬಸ್ಸಿನಲ್ಲಿ ಮೂರು ನಾಲ್ಕು ಗಂಟೆ. ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಬಿದರಿಗೆಂದೇ ಒಂದು ವಿಭಾಗವಿದೆ, ಜಪಾನಿನ ಸಾಮಾನುಗಳೂ ಅದೇ ಕಟ್ಟಡಗಳ ಸಮೂಹದಲ್ಲಿವೆ. ಜನ ಎಲ್ಲ ಸಂಗೀತ ಗಡಿಯಾರದ ಮುಂದೆ ಗಂಟೆ ಹೊಡೆಯುವುದನ್ನು ಕಾಯುತ್ತಿದ್ದರು. ನಾನು ಹುಕ್ಕಾಗಳ ಮುಂದೆ ನಿಂತೆ.

ಬಿದರಿಯಲ್ಲಿ ಹಳೆಯ ಕೆಲಸದ ಪಟ್ಟಿ ನೋಡಿ. ಹುಕ್ಕಾದ ಬುಡ, ಪೀಕದಾನಿ, ಕೈ ತೊಳೆಯುವ ಹೂಜಿ, ಅದರ ತಟ್ಟೆ, ಪಾನ್‌ದಾನಿ. ಬಹುಪಾಲು ನೀರಿನ ಜೊತೆ ಏಗುವ ಪಾತ್ರೆಗಳೇ. ಹುಕ್ಕಾದ ಬುಡದ ತುಂಬ ನೀರಿರುತ್ತಿತ್ತು. ಅಂದರೆ ಸತುವಿಗೆ ನೀರು ಆಗಿಬರುವುದಿಲ್ಲ ಎಂಬ ನನ್ನ ಟೂಲ್‌ರೂಮ್ ಉತ್ತರ ಅರ್ಧ ಮಾತ್ರ ನಿಜ. ಆ ಪಾತ್ರೆಗಳನ್ನು ನೋಡಿಕೊಳ್ಳಲು ನವಾಬರ ಮನೆಯಲ್ಲಿ ಆಳಿದ್ದ. ನೀರು ಬದಲಿಸಿ, ಒಳಗೆ ತೊಳೆದು, ಹೊರಗೆ ಒರೆಸಿ, ಎಣ್ಣೆ ಕಾಣಿಸುತ್ತಿದ್ದ. ನಮ್ಮನೆಯಲ್ಲಿ ಆ ಆಳು ನಾನೇ, ನನಗೆ ಯಾರೂ ಹೇಳಿರಲಿಲ್ಲ.

ಹದಿನೇಳನೇ ಶತಮಾನದ ಹುಕ್ಕಾದ ಬುಡ ಚೆಂಡಿನಂತೆ ಗುಂಡಗೆ, ಕೂರಿಸಲು ಬೇರೆ ಬಳೆ ಬೇಕು. ಹದಿನೆಂಟನೇ ಶತಮಾನದಲ್ಲಿ ತಳ ಚಪ್ಪಟೆಯಾಗಿ ಗಂಟೆಯ ಆಕಾರ ಬಂತು. ಎರಡರಲ್ಲೂ ಆಕಾರ ಕೆಲಸದಿಂದ ಹುಟ್ಟಿದ್ದು. ನೀರಿಗೆ ಅಗಲ ಹೊಟ್ಟೆ ಬೇಕು, ಕೊಳವೆಗೆ ಗಿಡ್ಡ ಕತ್ತು ಸಾಕು. ಅಂಥ ಹೊಟ್ಟೆಯ ಮೇಲೆ ಗಸಗಸೆ ಗಿಡಗಳನ್ನು ಸಾಲಾಗಿ ನಿಲ್ಲಿಸಿದ್ದರು ಒಂದು ಬುಡದಲ್ಲಿ. ಗಿಡಕ್ಕೂ ಗಿಡಕ್ಕೂ ನಡುವೆ ನಾಲ್ಕು ಬೆರಳು ಬರೀ ಕಪ್ಪು. ಪ್ರತಿ ಗಿಡವೂ ರಾತ್ರಿಯಲ್ಲಿ ಒಂಟಿಯಾಗಿ ನಿಂತಿತ್ತು. ಎಷ್ಟೋ ಹೊತ್ತು ಅಲ್ಲಿಂದ ಕದಲಲಿಲ್ಲ. ಗುಂಡು ಮೈಯಾದ್ದರಿಂದ ಗೆರೆಗೆ ಎಲ್ಲೂ ಇಕ್ಕಟ್ಟಿಲ್ಲ, ಕತ್ತು ಏರುವ ಕಷ್ಟವಿಲ್ಲ. ನನ್ನ ಹೂದಾನಿಯ ಬಳ್ಳಿ ಕತ್ತಿನಲ್ಲಿ ಯಾಕೆ ಸಿಕ್ಕಿಕೊಂಡಿತ್ತು ಎಂದು ಅಲ್ಲಿ ಅರ್ಥವಾಯಿತು. ಅದು ಹೊಟ್ಟೆಗಾಗಿ ಹುಟ್ಟಿದ ಚಿತ್ತಾರ. ಸಪೂರ ಕತ್ತು, ಅರಳಿದ ಬಾಯಿಯ ವಿಲಾಯತಿ ಹೂದಾನಿಗೆ ಅದನ್ನು ತೊಡಿಸಿದ್ದಾರೆ. ಅಣ್ಣನ ಅಂಗಿ ತಮ್ಮನಿಗೆ ಹಾಕಿದಂತಾಗಿದೆ.

ಮಾಡಿದ ಕೈಯ ತಪ್ಪಲ್ಲ ಇದು. ಗಂಟೆಯಾಕಾರದ ಬುಡ ಮಾಡಿಟ್ಟರೆ ಯಾರು ಕೊಳ್ಳುತ್ತಾರೆ, ಹುಕ್ಕಾ ಸೇದುವವರೆಲ್ಲಿ? ಸನ್ಮಾನಕ್ಕೆ ಎತ್ತರದ ವಸ್ತು ಬೇಕು. ವೇದಿಕೆಯ ಮೇಲೆ ಎರಡು ಕೈಯಲ್ಲಿ ಹಿಡಿದು ಫೋಟೋಕ್ಕೆ ನಿಂತರೆ ಹಿಂದಿನ ಸಾಲಿಗೂ ಕಾಣಬೇಕು. ನಮ್ಮ ಹೂದಾನಿ ಹೂವಿಗಾಗಿ ಆದದ್ದಲ್ಲ, ಆ ಫೋಟೋಕ್ಕಾಗಿ ಆದದ್ದು. ಹೊಳಪೂ ಫೋಟೋದ್ದೇ ಇರಬೇಕು. ಬಂದ ದಿನ ಅದು ಬೂಟ್ ಪಾಲಿಶಿನಂತೆ ಮಿರಿಮಿರಿ ಅನ್ನುತ್ತಿತ್ತು, ಬೆಳಕು ಬಿದ್ದಲ್ಲೆಲ್ಲ ಕಪ್ಪು ಹೋಗಿ ಬರೀ ಮಿಂಚು. ಬೀದರಿನ ಹಿರಿಯರು ಹೇಳಿದಂತೆ ಬಟ್ಟೆಯಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ಒಂದು ತಿಂಗಳು ಉಜ್ಜಿದ ಮೇಲೆ ಆ ಮೆರುಗು ಇಳಿಯಿತು, ನಿಜವಾದ ಕಪ್ಪು ಮೇಲೆ ಬಂತು. ನೀರಿನ ಬಿಳಿ ಕಲೆ ಬಹುಮಟ್ಟಿಗೆ ಮಾಸಿದೆ, ಬಾಯಿಯ ಅಂಚಿನಲ್ಲಿ ಒಂದಿಷ್ಟು ಉಳಿದಿದೆ. ಇರಲಿ. ಈ ವಸ್ತು ಒಮ್ಮೆಯಾದರೂ ಹೂವು ಹಿಡಿದದ್ದಕ್ಕೆ ಅದೊಂದೇ ಗುರುತು.

ಉಜ್ಜುವಾಗಲೇ ಪೀಠದ ಹಿತ್ತಾಳೆ ಪಟ್ಟಿ ಕೈಗೆ ತಗುಲಿದ್ದು. ಡಬಲ್ ಟೇಪಿನಲ್ಲಿ ಅಂಟಿಸಿದ ಪಟ್ಟಿ. ಅದರ ಮೇಲೆ ಕಾರ್ಖಾನೆಯ ಹೆಸರು, ನನ್ನ ಹೆಸರು, ಸೇವೆಯ ವರ್ಷ, ತಾರೀಖು. ಕೊಟ್ಟವರು, ತೆಗೆದುಕೊಂಡವರು ಇಬ್ಬರೂ ಇದ್ದಾರೆ. ಪಟ್ಟಿ ಕಿತ್ತು ನೋಡಿದೆ, ಹೂದಾನಿಯ ತಳ ನೋಡಿದೆ. ತಳದಲ್ಲಿ ಮೊಳೆಯಿಂದ ಗೀಚಿದ ಒಂದು ಅಂಕಿ ಇತ್ತು. ಬಹುಶಃ ಹಾಕಿದ ಬೆಳ್ಳಿಯ ಗ್ರಾಂ ಲೆಕ್ಕ.

ಜಪಾನಿನ ಪೆಟ್ಟಿಗೆಯ ಸಹಿಯನ್ನೂ ನಾನು ಪೂರ್ತಿ ನಂಬುವುದಿಲ್ಲ. ತಕಾಓಕದಲ್ಲೂ ಎರಕ ಒಬ್ಬರದು, ಕೆತ್ತನೆ ಇನ್ನೊಬ್ಬರದು, ಬಣ್ಣ ಮತ್ತೊಬ್ಬರದು. ಮುಚ್ಚಳದ ಮೇಲೆ ಒಂದೇ ಹೆಸರು. ಆದರೂ ಒಂದಾದರೂ ಹೆಸರಿದೆ. ಆ ಹೆಸರು ಇರುವುದರಿಂದಲೇ ಹೊಗಳಬಹುದು, ಬೈಯಬಹುದು, ಹೋದ ಸಲಕ್ಕಿಂತ ಈ ಸಲ ಕೈ ಬಿದ್ದುಹೋಗಿದೆ ಅನ್ನಬಹುದು. ಹೆಸರಿಲ್ಲದ ಕೆಲಸಕ್ಕೆ 'ನಮ್ಮ ನಾಡಿನ ಹೆಮ್ಮೆ' ಎಂಬ ಒಂದೇ ಮಾತು ಗತಿ. ಕತ್ತಿನಲ್ಲಿ ಬಳ್ಳಿ ಸಿಕ್ಕಿಕೊಂಡಿದೆ ಎಂದು ನಾನು ಯಾರಿಗೆ ಹೇಳಲಿ? ಒಡಲಿನ ಮೇಲೆ ಎಲೆಯ ತುದಿ ತಿರುಗಿದ ರೀತಿಗೆ ಯಾರ ಬೆನ್ನು ತಟ್ಟಲಿ?

ಹೋದ ತಿಂಗಳು ಕಾರ್ಖಾನೆಯ ಹುಡುಗನೊಬ್ಬ ಫೋನ್ ಮಾಡಿದ. ಪ್ಲೇಟಿಂಗ್ ವಿಭಾಗದ ಗೆಳೆಯರೊಬ್ಬರು ರಿಟೈರ್ ಆಗುತ್ತಿದ್ದಾರೆ. "ಸಾರ್, ನಿಮಗೆ ಬಿದರಿ ಗೊತ್ತಲ್ಲ, ಏನು ತರಲಿ ಹೇಳಿ." ಹೂದಾನಿ ಬೇಡ ಎಂದೆ. ಮುಚ್ಚಳದ ಡಬ್ಬಿ ತಗೋ, ಚಪ್ಪಟೆ ಮೇಲ್ಮೈ ಇರಲಿ, ಹೂವು ಒಂದೇ ಇರಲಿ, ಸುತ್ತ ಖಾಲಿ ಇರಲಿ. ಅವನಿಗೆ ಖಾಲಿ ಇರಲಿ ಅಂದದ್ದು ಅರ್ಥವಾಗಲಿಲ್ಲ, ಅಂಗಡಿಯವರ ನಂಬರ್ ಕೊಟ್ಟ. ನಾನೇ ಮಾತಾಡಿದೆ. ಡಬ್ಬಿ, ಅಳತೆ, ಬೆಲೆ ಎಲ್ಲ ಆಯಿತು. ಕೊನೆಗೆ, ತಳದಲ್ಲಿ ಹೆಸರು ಹಾಕಿಸಿಕೊಡಿ ಎಂದೆ.

"ಹಾಕಿಸೋಣ ಸಾರ್, ಅದಕ್ಕೆ ಎಕ್ಸ್‌ಟ್ರಾ ಆಗತ್ತೆ. ಯಾರ ಹೆಸರು, ಸ್ಪೆಲ್ಲಿಂಗ್ ವಾಟ್ಸಾಪ್ ಮಾಡಿ."

"ಮಾಡಿದವರದು."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ನಮ್ಮ ಕಿಟಕಿಯ ಆಚೆ ನಾಗಸಂದ್ರದ ಕಡೆ ಹೋಗುವ ಮೆಟ್ರೋ ಹಾದುಹೋಯಿತು.

"ಅಂದ್ರೆ ಕಮಿಟಿಯವರದಾ ಸಾರ್?"